ಮುದ್ರೆಯಿಲ್ಲದ ಬಾವಿ

ಧಾರವಾಡದಿಂದ ಸತ್ತೂರಿನ ಕಡೆ ಹೋಗುವಾಗ ಸಿಗುವ ನಮ್ಮ ಕಾಲನಿಗೆ ತರಕಾರಿ ಗಾಡಿ ಬಂದಾಗ ದಿನವೂ ಒಂದು ತಮಾಷೆ ನಡೆಯುತ್ತದೆ. ಯಲ್ಲೇಶ ಸಾಹೇಬರು ಗೇಟು ತೆಗೆದು ಹೊರಗೆ ಕಾಲಿಟ್ಟರೆ ಸಾಕು, ಗಾಡಿಯವನು ಅದಾಗಲೇ ತೂಗಿಕೊಟ್ಟವರನ್ನೂ ಕರೆದು ಚೀಲಕ್ಕೆ ಇನ್ನೊಂದು ಬದನೆಕಾಯಿ ಹಾಕುತ್ತಾನೆ. ಸಾಹೇಬರು ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಅಳತೆಯ ಪಟ್ಟಿ ಪರೀಕ್ಷಿಸಿ ಸರಕಾರದ ಮುದ್ರೆ ಒತ್ತುವುದು ಅವರ ಕೆಲಸ. "ನನ್ನ ಜೀವನದಾಗ ಒಂದು ಗುಲಗಂಜಿ ತೂಕ ಹೆಚ್ಚುಕಡಿಮಿ ಆಗಿಲ್ಲ ನೋಡ್ರಿ" ಎಂಬ ಮಾತನ್ನು ಅವರು ಕಚೇರಿಯಲ್ಲಿ ಹೇಳುತ್ತಾರೆ, ಮದುವೆಮನೆಯಲ್ಲಿ ಹೇಳುತ್ತಾರೆ, ಕ್ಷೌರದ ಕುರ್ಚಿಯಲ್ಲಿ ಕತ್ತು ಬಗ್ಗಿಸಿ ಕೂತಾಗಲೂ ಹೇಳುತ್ತಾರೆ. ಕೇಳಿದವರು ಹೌದೆನ್ನುತ್ತಾರೆ. ಹೌದೆನ್ನದೆ ಬೇರೆ ದಾರಿಯೂ ಇಲ್ಲ.

ಈ ಮಾತಿನ ಬಿಸಿ ಸರಿಯಾಗಿ ತಟ್ಟಿದ್ದು ನಮ್ಮ ಓಣಿಯ ಬಸಣ್ಣನಿಗೆ. ಬಸಣ್ಣನದು ಎಪಿಎಂಸಿಯಲ್ಲಿ ಜೋಳ, ಕಡಲೆಯ ಅಡತಿ ಅಂಗಡಿ. ಹಿಂದೊಮ್ಮೆ ಸಾಹೇಬರು ಅಲ್ಲಿಗೆ ಹೋಗಿ ಅವನ ತಕ್ಕಡಿ ಹಿಡಿದರು. ತಕ್ಕಡಿ ಸರಿಯಾಗಿಯೇ ತೂಗುತ್ತಿತ್ತು. ಆ ವರ್ಷದ ಮುದ್ರೆ ಮಾತ್ರ ಅದರ ಮೇಲಿರಲಿಲ್ಲ.

"ತೂಕ ಬರೋಬ್ಬರಿ ಐತಲ್ರಿ ಸಾಹೇಬ್ರ, ನೀವs ನೋಡಿದ್ರಲ್ಲ" ಎಂದು ಬಸಣ್ಣ ಕೈಮುಗಿದ.

"ಮುದ್ರಿ ಇಲ್ಲದ ತಕ್ಕಡಿ ತಕ್ಕಡಿನs ಅಲ್ಲ ಬಸಣ್ಣಾರ. ಅದು ಬರೇ ಕಬ್ಬಣ" ಎಂದು ಹೇಳಿ ಸಾಹೇಬರು ತಕ್ಕಡಿಯನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಅಂದಿನಿಂದ ಬಸಣ್ಣ ಸಾಹೇಬರನ್ನು ಕಂಡರೆ ಬಹಳ ಪ್ರೀತಿಯಿಂದ ನಗುತ್ತಾನೆ. ವ್ಯಾಪಾರಿಯ ಅಷ್ಟು ಪ್ರೀತಿಯ ನಗು ಕಂಡರೆ ಯಾರಾದರೂ ಹುಷಾರಾಗಬೇಕು. ಸಾಹೇಬರು ಆಗಲಿಲ್ಲ.

ಇಂಥ ಸಾಹೇಬರ ಮನೆಯಲ್ಲಿ ಒಂದೇ ಒಂದು ಕೊರತೆ ಇತ್ತು, ಅದನ್ನು ತೂಗುವ ತಕ್ಕಡಿ ಇಲಾಖೆಯಲ್ಲಿ ಇರಲಿಲ್ಲ. ಅವರ ಹೆಂಡತಿ ನೀಲಾ ಟೀಚರು ಒಡಪು ಹೇಳಿರಲಿಲ್ಲ. ನಮ್ಮ ಕಡೆ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರು ಸೇರಿಸಿ ಪ್ರಾಸದ ಎರಡು ಸಾಲು ಹೇಳಿಸದೆ ಒಳಗೆ ಬಿಡುವುದಿಲ್ಲ. ಅದೇ ಒಡಪು. ನೀಲಾಳನ್ನೂ ಅಡ್ಡಗಟ್ಟಿದ್ದರು. ಅವಳು ಸೇರು ಒದೆಯುವ ಮೊದಲೇ ಸೊಂಟಕ್ಕೆ ಕೈಯಿಟ್ಟು ಹೇಳಿದ್ದಳು: "ಹೆಸರು ಲಗ್ನಪತ್ರಿಕಾದಾಗ ದಪ್ಪ ಅಕ್ಷರದಾಗ ಅಚ್ಚಾಗೇತಿ, ಓದ್ಕೋರಿ. ಬಾಗಲದಾಗ ಯಾವಾಗ್ಲೂ ಹೆಂಗಸರನ್ನs ಯಾಕ ನಿಂದ್ರಸ್ತೀರಿ? ಒಮ್ಮೆ ಗಂಡಸರನ್ನ ನಿಂದ್ರಸಿ ಹೇಳಸ್ರಿ. ಆಮ್ಯಾಲೆ ನಾ ಹೇಳ್ತೇನಿ." ಅತ್ತಿಗೆ-ನಾದಿನಿಯರು ಆರತಿ ತಟ್ಟೆ ಕೆಳಗಿಟ್ಟರು. ಅತ್ತೆ ಸತ್ಯವ್ವ ಮಾತ್ರ ಬಿದ್ದುಬಿದ್ದು ನಕ್ಕು, ಸೊಸೆಯ ಕೈಹಿಡಿದು ಒಳಗೆ ಕರೆದುಕೊಂಡಳು. ಅಂದಿನಿಂದ ಅತ್ತೆ-ಸೊಸೆ ಒಂದು ಪಕ್ಷ, ಯಲ್ಲೇಶ ಇನ್ನೊಂದು ಪಕ್ಷ. ಅದು ಒಬ್ಬನೇ ಇದ್ದ ಪಕ್ಷ. ಸೀಮಂತ, ಮನೆಶಾಂತಿ, ನೆಂಟರ ಮದುವೆ ಎಲ್ಲ ಕಡೆ ಬೇರೆ ಹೆಂಗಸರು ತಮ್ಮತಮ್ಮ ಗಂಡಂದಿರ ಹೆಸರನ್ನು ಹೂವು, ಬೆಳ್ಳಿ, ಬೆಲ್ಲದ ಜೊತೆ ಸೇರಿಸಿ ಹೇಳುವಾಗ ಯಲ್ಲೇಶ ಮೂಲೆಯಲ್ಲಿ ಕೂತು ಆಸೆಯಿಂದ ಕೇಳುತ್ತಿದ್ದ. ತನ್ನ ಹೆಸರಿಗೆ ಯಾವ ಪ್ರಾಸ ಕೂಡಬಹುದು ಎಂದು ಅವನು ಯೋಚಿಸುತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ ನೀಲಾಳಿಗೆ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು. ಊರು ಮಾತ್ರ ಬೀದರ ಜಿಲ್ಲೆಯ ಔರಾದ ಕಡೆಯ ಒಂದು ಹಳ್ಳಿ. ಬೀಳ್ಕೊಡುಗೆಯ ದಿನ ಯಲ್ಲೇಶ ಕಾಲನಿಯವರ ಮುಂದೆ ಭಾಷಣ ಮಾಡಿದ. "ದೂರ ಅಂದರ ಏನ್ರಿ? ಬರೇ ಕಿಲೋಮೀಟರ್. ಅಳತಿ ನಮ್ಮ ಇಲಾಖೆಕ್ಕ ಸೇರಿದ್ದು. ನಾ ಸಂಭಾಳಸ್ತೇನಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಬಸ್ಸು ಹೋಯಿತು. ಅಳತೆಯ ಅಧಿಕಾರಿ ಅದು ಹೋದ ದಿಕ್ಕಿಗೆ ಕೈಬೀಸುವುದು ಬಿಟ್ಟು, ಎದುರಿಂದ ಬರುತ್ತಿದ್ದ ಬೆಳಗಾವಿ ಬಸ್ಸಿಗೆ ಬಹಳ ಹೊತ್ತು ಕೈಬೀಸಿದ. ಅದರ ಕಂಡಕ್ಟರು ಬಸ್ಸು ನಿಲ್ಲಿಸಿ ಬೈದು ಹೋದ.

ಮನೆಗೆ ಬಂದು ಮೂವರಿಗೆ ಚಹಾ ಮಾಡಿದ. ಮರುದಿನವೂ ಮೂವರಿಗೆ ಮಾಡಿದ. ಸತ್ಯವ್ವ ಮೂರನೆಯ ಕಪ್ಪನ್ನು ತಾನೇ ಕುಡಿಯತೊಡಗಿದಳು, ಪಿತ್ತ ಹೆಚ್ಚಾಯಿತು.

ಸಂಜೆ ನೀಲಾಳ ಫೋನು ಬರುತ್ತಿತ್ತು. ಆದರೆ ಫೋನು ಎತ್ತುತ್ತಿದ್ದವಳು ಸತ್ಯವ್ವ. ಅವರಿಬ್ಬರ ಮಾತು ಅಲ್ಲಿಯ ತೊಗರಿ ಬೇಳೆಯ ರುಚಿಯಿಂದ ಶುರುವಾಗಿ ಇಲ್ಲಿಯ ನಲ್ಲಿ ನೀರಿನ ಸುದ್ದಿಗೆ ಬಂದು ಮುಟ್ಟುವಷ್ಟರಲ್ಲಿ ನೀಲಾಳ ಶಾಲೆಯ ಕಾಗದಪತ್ರದ ಕೆಲಸ ಬಂದು ನಿಲ್ಲುತ್ತಿತ್ತು. ಯಲ್ಲೇಶನ ಪಾಲಿಗೆ ಕೊನೆಯಲ್ಲಿ ಉಳಿಯುತ್ತಿದ್ದದ್ದು "ಊಟಾ ಆತೇನ್ರಿ?" ಮತ್ತು "ಹೂಂ" ಎರಡೇ. ಸಂಸಾರ ಮಾಡಿದವರಿಗೆ ಅದು ಸಾಕು ಎನ್ನುವವರಿದ್ದಾರೆ. ಅವರು ಹೆಂಡತಿಯನ್ನು ಔರಾದಕ್ಕೆ ಕಳಿಸಿದವರಲ್ಲ.

ಈ ಕಷ್ಟ ನೀಲಾಳಿಗೂ ಇತ್ತು ಎಂದು ಕಾಣುತ್ತದೆ. ಒಂದು ದಿನ ಅವಳೇ ಅತ್ತೆಯಿಂದ ಫೋನು ಕೇಳಿ ಪಡೆದು ಹೇಳಿದಳು: "ಏನ್ರಿ, ಇಲ್ಲಿ ನಮ್ಮ ವಿಜ್ಞಾನದ ಟೀಚರು ಒಂದು ಕಂಪ್ಯೂಟರ್ ಆಟ ತೋರಿಸ್ಯಾರ. 'ಬದುವು' ಅಂತ ಹೆಸರು. ಇಬ್ಬರದೂ ಬಾಜೂಬಾಜೂ ಹೊಲ, ನಡುವ ಬದುವು, ಇಬ್ಬರಿಗೂ ಕೂಡಿ ಒಂದು ಬಾವಿ. ಅದರಾಗ ಒಂದು ಜೋಡಿ ಸವಾಲ್ ಐತಿ. ಹಗ್ಗಾ ಇಬ್ಬರೂ ಕೂಡೇ ಹಿಡದು ಎಳದರs ಕೊಡ ಮ್ಯಾಲೆ ಬರ್ತೈತಿ. ಹಂಗ ದಿನಾ ನೀರು ಹಾಕಿ ಎರಡೂ ಹೊಲದಾಗ ಬೆಳಿ ಬಂದ್ರ ನಡುವಿನ ಬದುವು ಕರಗಿ ಒಂದs ಹೊಲಾ ಆಗ್ತೈತಿ. ನಾ ಕೊಂಡೇನಿ. ನೀವೂ ಕೊಂಡ್ಕೋರಿ. ನಿಮ್ಮ ಹೊಲದ ನಂಬರ್ ಕಳಸ್ತೇನಿ, ಅದನ್ನ ಹಾಕ್ರಿ. ಸಾಲಿ ಬಿಟ್ಟಮ್ಯಾಲೆ ದಿನಾ ಬಾವಿಕಡೆ ಬರ್ರಿ. ಅಲ್ಲೆ ಮಾತಾಡೂಣು. ಫೋನಿನ್ಯಾಗ ಅತ್ತಿ ನಿಮಗ ಪಾಳಿ ಕೊಡಂಗಿಲ್ಲ."

ಯಲ್ಲೇಶ ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಆಟದ ಬೆಲೆ ಇಬ್ಬರು ಖಾನಾವಳಿಯಲ್ಲಿ ಹೊಟ್ಟೆ ತುಂಬ ಉಂಡಷ್ಟು. ಯಲ್ಲೇಶ ಕೊಡುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟರಲ್ಲಿ ಪಕ್ಕದ ಮನೆಯ ಕುಮಾರಸ್ವಾಮಿ ಕಂಪೌಂಡಿನ ಮೇಲಿಂದ ತಲೆ ಹಾಕಿದರು. ವಿಮಾ ಕಂಪನಿಯಿಂದ ನಿವೃತ್ತರಾದ ಅವರಿಗೆ ತಿಳಿಯದ ವಿಷಯವಿಲ್ಲ. ನೀರಿನ ಮೋಟಾರು ಕೆಟ್ಟರೆ ಅವರು ಬರುತ್ತಾರೆ. ಅವರು ಹೋದ ಮೇಲೆ ಮೋಟಾರು ರಿಪೇರಿಯವನು ಬರುತ್ತಾನೆ.

"ಕೊಳ್ಳೂದೇನ್ರಿ ಯಲ್ಲೇಶ ಅವರ? ಯಾರರೆ ಗಾಳಿ ಕೊಳ್ತಾರೇನು? ನನ್ನ ಅಳಿಯನ ಕಡೆ ಪುಕ್ಕಟೆ ಐತಿ. ಪೆನ್‌ಡ್ರೈವ್‌ನ್ಯಾಗ ಹಾಕಿ ತಂದು ಕೊಡ್ತೇನಿ."

"ಅದು ಕಳವು ಆಗಂಗಿಲ್ಲೇನ್ರಿ?" ಎಂದ ಯಲ್ಲೇಶ. ಮುದ್ರೆ ಒತ್ತುವ ಕೈಯಿಂದ ತಲೆ ಕೆರೆದುಕೊಂಡ.

"ಕಳವು ಅಂದರೇನು? ಒಬ್ಬರ ಕಡೆ ಇದ್ದದ್ದು ಇಲ್ಲದಂಗ ಆಗಬೇಕು. ನನ್ನ ಅಳಿಯನ ಕಡೆ ಇದ್ದದ್ದು ಇದ್ದಂಗs ಐತಿ, ಮಾಡಿದವರ ಕಡೇನೂ ಹಂಗs ಐತಿ. ನಿಮ್ಮ ಕಡೆ ಮಾತ್ರ ಬಂತು. ಎಲ್ಲಿ ಏನು ಕಡಿಮಿ ಆತು, ತೂಗಿ ಹೇಳ್ರಿ ನೋಡೂಣು."

ತೂಗಿ ಹೇಳಿ ಎಂದದ್ದೇ ತಪ್ಪಾಯಿತು. ಬೇರೆ ಯಾರಿಗಾದರೂ ಅದು ಬರಿ ಮಾತು. ಯಲ್ಲೇಶ ಒಳಗೆ ಹೋಗಿ ಬಂಗಾರ ತೂಗುವ ಸಣ್ಣ ತಕ್ಕಡಿ ತಂದ. ಗಾಳಿ ಬರಬಾರದೆಂದು ಫ್ಯಾನು ಆರಿಸಿದ, ಕಿಟಕಿ ಮುಚ್ಚಿದ, ಸತ್ಯವ್ವನಿಗೆ ಉಸಿರು ಬಿಗಿಹಿಡಿಯಲು ಹೇಳಿದ. ಖಾಲಿ ಪೆನ್‌ಡ್ರೈವ್ ತೂಗಿದ. ಕುಮಾರಸ್ವಾಮಿ ಅಳಿಯನ ಮನೆಗೆ ಹೋಗಿ ಅದರಲ್ಲಿ ಆಟ ತುಂಬಿಕೊಂಡು ಬಂದರು. ಮತ್ತೆ ತೂಗಿದ. ಮುಳ್ಳು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ತೂಕ ಇಲ್ಲದ್ದು ಮಾಲs ಅಲ್ಲ" ಎಂದು ಇನ್‌ಸ್ಪೆಕ್ಟರರು ತೀರ್ಪು ಕೊಟ್ಟರು. "ಮಾಲಲ್ಲದ್ದಕ್ಕ ಕಳವು ಅನ್ನೂ ಮಾತು ಹತ್ತಂಗಿಲ್ಲ."

ಧರ್ಮಸೂಕ್ಷ್ಮವನ್ನು ಇಷ್ಟು ನಿಖರವಾಗಿ ತೂಗಿದವರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಸತ್ಯವ್ವ ಬಿಗಿಹಿಡಿದ ಉಸಿರು ಬಿಟ್ಟು, "ಕಿಟಕಿ ತಗಿಯಪ್ಪಾ, ಶಕಿ ಆಗಾಕತ್ತೇತಿ" ಎಂದಳು.

ನೀಲಾ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿಗೆ ಕುಮಾರಸ್ವಾಮಿ ಆಟ ಹಾಕಿದರು. "ನಂಬರ್ ಹಾಕೂ ಜಾಗಾನs ಕಾಣಸವಲ್ದಲ್ರಿ?" ಎಂದು ಯಲ್ಲೇಶ ಕೇಳಿದ. "ಇದು ನಂಬರ್ ಕೇಳದ ನಮೂನಿ. ಇನ್ನೂ ಸರಳ" ಎಂದರು ಕುಮಾರಸ್ವಾಮಿ. ಆಟ ನೆರೆಹೊಲದವರ ಹೆಸರು ಕೇಳಿತು. ಅವರೇ 'ನೀಲಾ' ಎಂದು ಬರೆದರು.

ಹೊಲ ತೆರೆಯಿತು. ಬದುವಿನ ಆಚೆ, ಬಾವಿಯ ಕಟ್ಟೆಯ ಮೇಲೆ ಹಸಿರು ಸೀರೆಯ ಒಬ್ಬಳು ಹೆಣ್ಣುಮಗಳು ನಿಂತಿದ್ದಳು. ತಲೆಯ ಮೇಲೆ 'ನೀಲಾ' ಎಂಬ ಅಕ್ಷರ ತೇಲುತ್ತಿತ್ತು. ಯಲ್ಲೇಶನ ಕಣ್ಣಲ್ಲಿ ನೀರು ಬಂತು. ಕುಮಾರಸ್ವಾಮಿ ಮರ್ಯಾದೆಯಿಂದ ಎದ್ದು ಹೋದರು.

"ನೀಲಾ, ಬಂದಿಯೇನು?" ಎಂದು ಅವನು ಬರೆದ.

"ನಿಮ್ಮ ಆಗಮನದಿಂದ ಸಂತೋಷವಾಯಿತು" ಎಂದಳು ಹಸಿರು ಸೀರೆಯವಳು.

ಯಲ್ಲೇಶ ಸ್ವಲ್ಪ ಚಕಿತನಾದ. ಮುಖ್ಯೋಪಾಧ್ಯಾಯಿನಿ ಆದ ಮೇಲೆ ಮಾತಿಗೆ ಗಾಂಭೀರ್ಯ ಬಂದಿದೆ, ದಿನವಿಡೀ ಸುತ್ತೋಲೆ ಬರೆಯುವವರ ಬಾಯಿಗೆ ಅದೇ ಭಾಷೆ ಹತ್ತುವುದು ಸಹಜ ಎಂದುಕೊಂಡ. ಹಗ್ಗ ಹಿಡಿದ. ಅವಳೂ ಹಿಡಿದಳು. ಕೊಡ ತುಂಬಿ ಮೇಲೆ ಬಂತು.

ಮರುದಿನ ಫೋನಿನಲ್ಲಿ ಅವನ ಸರದಿ ಬಂದಾಗ ನೀಲಾ ಹೇಳಿದಳು, "ನಿನ್ನೆ ಬಾವಿಕಡೆ ನಿಮ್ಮ ದಾರಿ ನೋಡಿ ನೋಡಿ ಸಾಕಾತು."

"ನೋಡಿದೆಲ್ಲ! ಹಸರು ಸೀರ್ಯಾಗ ಭಾರೀ ಛಲೋ ಕಾಣಸ್ತಿದ್ದಿ" ಎಂದ ಯಲ್ಲೇಶ ಸಂತೋಷದಿಂದ.

"ಚಾಷ್ಟಿ ಮಾಡಾಕತ್ತೀರೇನು?" ಎಂದಳು ನೀಲಾ. ಹಿಂದೆ ಯಾರೋ ಶಾಲೆಯ ಗಂಟೆ ಹೊಡೆದರು. ಫೋನು ಕಟ್ಟಾಯಿತು.

ಅದಾದ ಮೇಲೆ ಅವಳು ಅವನ ಜೊತೆ ಮಾತಾಡುವುದನ್ನೇ ಬಿಟ್ಟಳು, ಅತ್ತೆಯ ಜೊತೆ ಮಾತು ಮುಗಿಸಿ ಇಟ್ಟುಬಿಡುತ್ತಿದ್ದಳು. ಯಲ್ಲೇಶ ಇದಕ್ಕೂ ಒಳ್ಳೆಯ ಅರ್ಥ ಹಚ್ಚಿದ. ಬಾವಿಕಟ್ಟೆಯಲ್ಲಿ ದಿನಾ ಭೇಟಿಯಾಗುವ ಗಂಡಹೆಂಡತಿಗೆ ಫೋನು ಯಾಕೆ ಬೇಕು? ಕಚೇರಿಯಿಂದ ಬಂದು ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರತೊಡಗಿದ. ಮೊದಮೊದಲು ಬರೆಯುತ್ತಿದ್ದ, ಆಮೇಲೆ ಬರೆಯುವುದು ಸಾಲದೆ ಬಾಯಿಬಿಟ್ಟೇ ಹೇಳತೊಡಗಿದ. "ನೀ ಇಲ್ಲದ ಮನ್ಯಾಗ ಚಾಕ್ಕ ರುಚಿ ಇಲ್ಲ ನೀಲಾ. ನಿನ್ನ ಚಸ್ಮಾದ ಡಬ್ಬಿ ಇನ್ನೂ ಟಿವಿ ಮ್ಯಾಲೇನs ಐತಿ, ನಾ ಯಾರಿಗೂ ಮುಟ್ಟಗೊಡಸಿಲ್ಲ." ಇಷ್ಟು ವರ್ಷ ಒಂದೇ ಮನೆಯಲ್ಲಿದ್ದಾಗ ಹೇಳದಿದ್ದ ಮಾತನ್ನೆಲ್ಲ ಹೇಳಿದ. ಹೊಲದಲ್ಲಿ ಬೆಳೆದ ಕನಕಾಂಬರವನ್ನು ದಿನಾ ಕಿತ್ತು ಅವಳಿಗೆ ಕೊಟ್ಟ.

"ಇಂದು ಹವಾಮಾನ ಹಿತಕರವಾಗಿದೆ" ಎಂದಳು ಅವಳು.

ಎಂಥ ದೊಡ್ಡ ಮನಸ್ಸು! ಔರಾದದ ಬಿಸಿಲಲ್ಲಿ ಕೂತು ಗಂಡನಿಗೆ ಚಿಂತೆಯಾಗಬಾರದೆಂದು ಹೀಗೆ ಹೇಳುತ್ತಾಳಲ್ಲ ಎಂದುಕೊಂಡು ಯಲ್ಲೇಶ ಇನ್ನೊಂದು ಹೂವು ಕಿತ್ತು ಕೊಟ್ಟ.

ಕಚೇರಿಯಲ್ಲಿ ಅವನ ಸಡಗರ ಹೆಚ್ಚಾಯಿತು. "ನಮ್ಮದು ಜೋಡಿ ಸವಾಲ್ ನಡದೈತ್ರಿ. ಒಂದು ದಿನಾನೂ ಕೊಡ ತುಂಬದs ಬಂದಿಲ್ಲ" ಎಂದು ಗುಮಾಸ್ತರಿಗೂ, ತಕ್ಕಡಿ ಮುದ್ರೆಗೆ ತಂದ ಕಿರಾಣಿಯವರಿಗೂ ಹೇಳಿದ. ಸುದ್ದಿ ಬಸಣ್ಣನಿಗೂ ಮುಟ್ಟಿತು. ಬಸಣ್ಣ ತಾನೂ ತನ್ನ ಬೀಗರೂ ಕೂಡಿ ಅದೇ ಆಟ ಆಡುವವನು. "ಒಂದು ದಿನಾನೂ ಖಾಲಿ ಬಂದಿಲ್ಲ?" ಎಂದು ಎರಡು ಸಲ ಕೇಳಿ, ಪ್ರೀತಿಯಿಂದ ನಕ್ಕ.

ಇತ್ತ ಸತ್ಯವ್ವನ ಕಣ್ಣಿಗೆ ಬಿದ್ದದ್ದೇ ಬೇರೆ. ಮಗ ಸಂಜೆಯಾದರೆ ಅತ್ತರು ಹಚ್ಚಿಕೊಂಡು ಕದ ಮುಂದೆ ಮಾಡಿಕೊಳ್ಳುತ್ತಾನೆ. ಸಂದಿಯಿಂದ ಇಣುಕಿದರೆ ಪರದೆಯ ಮೇಲೆ ಹಸಿರು ಸೀರೆಯ ಒಬ್ಬಳು. ಅವನ ಪಿಸುಮಾತು ಹೊರಗೆ ಕೇಳಿಸುವುದಿಲ್ಲ, ಅಕ್ಷರ ಓದುವಷ್ಟು ಕಣ್ಣು ಅವಳಿಗೆ ಕಾಣುವುದಿಲ್ಲ, ಸೀರೆಯ ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತದೆ. ಸತ್ಯವ್ವ ಆ ಸಂಜೆಯೇ ಸೊಸೆಗೆ ವರದಿ ಒಪ್ಪಿಸಿದಳು.

"ನೀಲವ್ವಾ, ಹೆಂಗ ಹೇಳ್ಲಿ? ನಿನ್ನ ಗಂಡ ಕೆಟ್ಟ. ಯಾವಾಕಿನ್ನೋ ನೋಡ್ಕೋತ ಅಳ್ತಾನ, ನಗತಾನ, ಹೂವು ಕೊಡ್ತಾನ."

"ಯಾರಾಕಿ, ಅತ್ತಿ?"

"ಹಸರು ಸೀರಿಯಾಕಿ. ನನ್ನ ಕೈಯಾಗ ಸಿಕ್ಕರ ಜಡಿ ಹಿಡೀತಿದ್ದೆ, ಡಬ್ಬಿ ಒಳಗ ಅದಾಳ."

ಹಸಿರು ಸೀರೆ ಎಂದ ಕೂಡಲೇ ನೀಲಾಳಿಗೆ ಆ ದಿನದ ಫೋನಿನ ಮಾತು ನೆನಪಾಯಿತು. ಅವಳು ಕುಮಾರಸ್ವಾಮಿಯವರಿಗೆ ಫೋನು ಮಾಡಿದಳು. ಕಾಲನಿಯಲ್ಲಿ ಕುಮಾರಸ್ವಾಮಿಯವರಿಗೆ ಹೇಳಿದರೆ ಬೇರೆ ಯಾರಿಗೂ ಹೇಳುವ ಅಗತ್ಯವಿರುವುದಿಲ್ಲ. ಭಾನುವಾರ ಸಂಜೆ ಯಲ್ಲೇಶನ ಮನೆಯ ಪಡಸಾಲೆ ತುಂಬಿತು. ಬುದ್ಧನ ಪಟದ ಕೆಳಗೆ ಕುಮಾರಸ್ವಾಮಿ, ಬಾಗಿಲ ಪಕ್ಕ ಬಸಣ್ಣ, ನಡುವೆ ಸತ್ಯವ್ವ. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕ ಸ್ಪೀಕರ್ ಹಾಕಿದ ಫೋನು. ಫೋನಿನಲ್ಲಿ ನೀಲಾ.

"ಏನ್ರಿ, ಯಾರ ಆಕಿ?" ಎಂದು ಫೋನು ಕೇಳಿತು.

ಯಲ್ಲೇಶ ನಕ್ಕೇಬಿಟ್ಟ. "ಎಲ್ಲಾರೂ ನೋಡ್ರಿ ಇಲ್ಲೆ. ನನ್ನ ಹೆಂಡ್ತಿ ತನ್ನ ಮ್ಯಾಲೆ ತಾನs ಸಂಶೆ ಪಡಾಕತ್ತಾಳ!" ಎಂದು ಆಟ ತೆರೆದ. ಹಸಿರು ಸೀರೆಯವಳು ಕಟ್ಟೆಯ ಮೇಲೆ ನಿಂತಿದ್ದಳು. "ನೋಡ್ರಿ, ಬಂದಾಳ. ಹೆಸರೂ ಐತಿ."

"ನಾ ಸಾಲಿ ಕಟ್ಟಿಮ್ಯಾಲೆ ಕುಂತೇನಿ" ಎಂದಿತು ಫೋನು. "ನನ್ನ ಕೈಯಾಗ ಈ ಫೋನು ಬಿಟ್ಟರ ಏನೂ ಇಲ್ಲ. ಆಟ ತಗದs ಇಲ್ಲ."

"ನಿಮ್ಮ ಆಗಮನದಿಂದ ಸಂತೋಷವಾಯಿತು" ಎಂದಳು ಪರದೆಯ ಮೇಲಿನ ನೀಲಾ.

ಯಲ್ಲೇಶ ಒಮ್ಮೆ ಫೋನು ನೋಡಿದ, ಒಮ್ಮೆ ಪರದೆ ನೋಡಿದ. ಪರದೆಯ ಕಡೆ ಬಗ್ಗಿ, ಅಂಗಡಿಯವನನ್ನು ಕೇಳುವ ದನಿಯಲ್ಲಿ, "ಖರೇ ಹೇಳು, ನೀ ಯಾರು?" ಎಂದ.

"ಇಂದು ಹವಾಮಾನ ಹಿತಕರವಾಗಿದೆ."

"ಆಕಿ ಯಾರಲ್ರಿ ಸಾಹೇಬ್ರ, ಗೊಂಬಿ" ಎಂದು ಬಸಣ್ಣ ಬಾಗಿಲಿಂದ ಮುಂದೆ ಬಂದ. ಎಷ್ಟೋ ದಿನದಿಂದ ಕಾದವನ ಹಾಗೆ ನಿಧಾನವಾಗಿ ಬಂದ. "ಪುಕ್ಕಟೆ ತಂದ ಆಟದಾಗ ಇಂಟರ್ನೆಟ್ಟಿಗೆ ಹೋಗೂ ದಾರಿ ಇರಂಗಿಲ್ರಿ. ಆಚೆ ಕಡೆ ಮನಷಾರು ಬರಂಗಿಲ್ಲ. ಹೊಲಾ ಖಾಲಿ ಕಾಣಬಾರದಂತ ಗೊಂಬಿ ನಿಂದ್ರಸಿರ್ತಾರ. ಎಲ್ಲಿಂದ ತಂದ್ರಿ ಇದನ್ನ?"

ಎಲ್ಲರೂ ಕುಮಾರಸ್ವಾಮಿಯವರ ಕಡೆ ತಿರುಗಿದರು. ಕುಮಾರಸ್ವಾಮಿಯವರಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಲಗೂಲಗೂ ಎದ್ದು ಹೋದರು.

"ಆದರ ನೀರು ತುಂಬಿ ಬರ್ತಿತ್ತಲ್ಲ ಬಸಣ್ಣಾರ" ಎಂದ ಯಲ್ಲೇಶ. ಅವನ ದನಿ ಎಲ್ಲೋ ಇತ್ತು. "ತೂಕ ಬರೋಬ್ಬರಿ ಇತ್ತಲ್ಲ."

"ಮುದ್ರಿ ಇಲ್ಲದ ಬಾವಿ ಬಾವಿನs ಅಲ್ಲ ಸಾಹೇಬ್ರ" ಎಂದ ಬಸಣ್ಣ. "ಅದು ಬರೇ ಚಿತ್ರ."

ಈ ಮಾತನ್ನು ಹೇಳುವ ದಿನಕ್ಕಾಗಿ ಅವನು ಎಷ್ಟು ರಾತ್ರಿ ಹೊರಳಾಡಿದ್ದನೋ. ಆದರೆ ಹೇಳಿದ ಮೇಲೆ ಯಲ್ಲೇಶನ ಮುಖ ನೋಡಿ ಅವನಿಗೂ ರುಚಿಸಲಿಲ್ಲ. "ಹಂಗಂದೆ ಅಂತ ಮನಸಿಗೆ ಹಚ್ಚಕೋಬ್ಯಾಡ್ರಿ" ಎಂದು ಗೊಣಗಿ ಚಪ್ಪಲಿ ಮೆಟ್ಟಿದ.

ಮನೆಯಲ್ಲಿ ತಾಯಿ, ಮಗ, ಫೋನು ಉಳಿದವು.

"ನಾ ದಿನಾ ಬಾವಿ ಕಟ್ಟಿಮ್ಯಾಲೆ ಒಬ್ಬಾಕಿನs ನಿಂತೇನ್ರಿ" ಎಂದಳು ನೀಲಾ. ಸಿಟ್ಟಿನ ದನಿಯಾಗಿದ್ದರೆ ಯಲ್ಲೇಶ ತಡೆದುಕೊಳ್ಳುತ್ತಿದ್ದ. "ಹಗ್ಗಾ ಒಬ್ಬರs ಎಳದರ ಕೊಡ ಅರ್ಧಾ ಬಂದು ತಿರುಗಿ ಒಳಗ ಬೀಳ್ತೈತಿ. ದಿನಾ ಬಿದ್ದೈತಿ. ನಿಮಗ ಒಂದು ದಿನಾನೂ ಬೀಳಲಿಲ್ಲ. ನಾ ಇಲ್ಲದs ನಿಮಗ ನೀರು ತುಂಬಿ ಬಂತಂದ್ರ, ನಾ ಯಾಕ ಬೇಕು?"

"ನೀಲಾ, ನಾ ಆಕಿಗೆ ಹೇಳಿದ್ದೆಲ್ಲಾ ನಿನಗs ಹೇಳಿದ್ದು."

"ನನಗ ಮುಟ್ಟಲಿಲ್ಲಲ್ರಿ" ಎಂದಳು ನೀಲಾ, ಫೋನು ಇಟ್ಟಳು.

ಯಲ್ಲೇಶ ಟಿವಿ ಮೇಲಿನ ಚಸ್ಮಾದ ಡಬ್ಬಿ ಕೈಗೆತ್ತಿಕೊಂಡ. ಅವನಿಗೆ ಹೆಂಡತಿ ಬೇಕೆನಿಸಿತು. ಮುಖ್ಯೋಪಾಧ್ಯಾಯಿನಿ ಅಲ್ಲ, ಬಾವಿಕಟ್ಟೆಯವಳಲ್ಲ, ಚಸ್ಮಾದ ಡಬ್ಬಿ ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುವ ನೀಲಾ ಬೇಕೆನಿಸಿತು. ಅಳತೆಯ ಇಲಾಖೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದರೂ ಔರಾದ ಇಷ್ಟು ದೂರ ಎಂದು ಅವನಿಗೆ ಅಂದೇ ಗೊತ್ತಾದದ್ದು.

ಮರುದಿನ ಆಟವನ್ನು ನ್ಯಾಯವಾಗಿ ಕೊಂಡ. ಹಳೆಯದನ್ನು ಅಳಿಸುವ ಮೊದಲು ಒಂದು ಸಲ ತೆರೆದ. ಹಸಿರು ಸೀರೆಯವಳು ನಿಂತಿದ್ದಳು. "ನಿಮ್ಮ ಆಗಮನದಿಂದ ಸಂತೋಷವಾಯಿತು" ಎಂದಳು. ಯಲ್ಲೇಶ ನಮಸ್ಕಾರ ಮಾಡಿದ. ಹಿಂದೆ ನಿಂತಿದ್ದ ಸತ್ಯವ್ವ, ಜಡೆ ಹಿಡಿಯುತ್ತೇನೆ ಎಂದಿದ್ದವಳು, "ಹೋಗ್ಲಿ ಪಾಪ, ಆಕಿನೂ ಒಬ್ಬಾಕಿನs ನಿಂತಿದ್ಲು" ಎಂದಳು. ಯಲ್ಲೇಶ ಅಳಿಸಿದ.

ನೀಲಾ ಕಳಿಸಿದ ನಂಬರು ಹಾಕಿ ಸಂಜೆ ಹೊಸ ಹೊಲಕ್ಕೆ ಇಳಿದ. ಕನಕಾಂಬರವಿಲ್ಲ, ಬೆಳೆಯಿಲ್ಲ, ಬರೀ ಮಣ್ಣು. ಆಚೆ ನೀಲಾಳ ಹೊಲವೂ ನೀರಿಲ್ಲದೆ ಒಣಗಿತ್ತು. ಆದರೆ ಬದುವಿನ ಪಕ್ಕ, ತನ್ನ ಕಡೆಯ ಮೂಲೆಯಲ್ಲಿ, ಒಂದು ಚಾಪೆಯಗಲದ ಹಸಿರು ಕಂಡಿತು. ಹತ್ತಿರ ಹೋಗಿ ನೋಡಿದ. ಮೆಂತ್ಯ ಪಲ್ಲೆ. ಅವನಿಗೆ ರೊಟ್ಟಿಯ ಜೊತೆ ದಿನಾ ಹಸಿ ಮೆಂತ್ಯ ಬೇಕು. ಕೊಡ ತುಂಬಿ ಬರದಿದ್ದರೂ, ಅರ್ಧದಿಂದ ಬೀಳುವಾಗ ಕಟ್ಟೆಗೆ ಚೆಲ್ಲಿದ ನೀರನ್ನೇ ಬೊಗಸೆಯಲ್ಲಿ ಹೊತ್ತು ಅವಳು ಗಂಡನ ಹೊಲಕ್ಕೆ ಹಾಕಿದ್ದಳು.

ಬಾವಿಯ ಸುತ್ತ ಅವಳು ಬೇಲಿ ಹಾಕಿದ್ದಳು. ಬೇಲಿಯ ಬಾಗಿಲು ಮುಚ್ಚಿತ್ತು. ಒಳಗೆ ನೀಲಿ ಸೀರೆಯವಳೊಬ್ಬಳು, ಕೈಯಲ್ಲಿ ಛತ್ರಿ, ಈ ಕಡೆ ಬೆನ್ನು ಹಾಕಿ ನಿಂತಿದ್ದಳು. ಯಲ್ಲೇಶ ಬಾಗಿಲು ತಟ್ಟಿದ.

"ಯಾರವರು?" ಲ್ಯಾಪ್‌ಟಾಪಿನಿಂದ ದನಿ ಬಂತು. ನೀಲಾಳ ಖಾಸಾ ದನಿ. ಹಿಂದೆ ಔರಾದದ ಯಾವುದೋ ಎಮ್ಮೆ ಒದರಿತು. ಇದು ಗೊಂಬೆಯಲ್ಲ ಎಂಬುದಕ್ಕೆ ಆ ಎಮ್ಮೆಯೇ ಮುದ್ರೆ.

"ನಾನು."

"ನಾನು ಅಂತ ಊರ ತುಂಬ ಅದಾರ. ಹಂಗ ಯಾರನ್ನೂ ಒಳಗ ಬಿಡಂಗಿಲ್ಲ. ಹೆಸರು ಹೇಳ್ರಿ."

"ಯಲ್ಲೇ..."

"ನಿಮ್ಮದಲ್ರಿ. ಹೆಂಡ್ತಿದು. ಒಡಪು ಹೇಳಿ ಒಳಗ ಬರ್ರಿ."

ಸತ್ಯವ್ವ ಬಾಯಿಗೆ ಸೆರಗು ಒತ್ತಿದಳು. ಯಲ್ಲೇಶ ಬೆವರೊರೆಸಿಕೊಂಡ. ಎಷ್ಟೋ ಮದುವೆಮನೆಗಳಲ್ಲಿ ಮೂಲೆಯಲ್ಲಿ ಕೂತು ಕೇಳಿದ್ದೆಲ್ಲ ಆ ಕ್ಷಣಕ್ಕೆ ಮರೆತುಹೋಗಿತ್ತು. ಕೊನೆಗೆ ತನಗೆ ಬರುವ ವಿದ್ಯೆಯನ್ನೇ ತೆಗೆದ.

"ಕಿಲೋಕ್ಕ ಗ್ರಾಂ ಸಾವಿರ, ಮೀಟರಿಗೆ ಸೆಂಟಿ ನೂರು, ನೀಲಾನ ಹೆಸರು ಹೇಳೇನಿ, ಬಾಗಲಾ ತಗೀರಿ ಚೂರು."

"ಇದು ಇಲಾಖಾ ಪರೀಕ್ಷಾಕ್ಕ ನಡೀತೈತಿ. ನನಗ ನಡಿಯಂಗಿಲ್ಲ" ಎಂದಳು ನೀಲಾ. ಆದರೆ ದನಿಯಲ್ಲಿ ನಗು ಸಿಕ್ಕಿಕೊಂಡಿತ್ತು.

"ಖರೇನs ಹೇಳೋ ಯಪ್ಪಾ" ಎಂದು ಸತ್ಯವ್ವ ಬೆನ್ನಿಗೊಂದು ಗುದ್ದಿದಳು. "ಹೊಟ್ಟ್ಯಾಗ ಇದ್ದದ್ದು ಹೇಳು."

ಯಲ್ಲೇಶ ಎದ್ದು ನಿಂತ. ಯಾಕೆ ಎದ್ದು ನಿಂತ ಎಂದು ಅವನಿಗೂ ಗೊತ್ತಿಲ್ಲ, ಹೊಸ್ತಿಲಲ್ಲಿ ಒಡಪು ಹೇಳುವವರು ನಿಂತೇ ಹೇಳುತ್ತಾರೆ.

"ಪುಕ್ಕಟೆ ಬಾವ್ಯಾಗ ದಿನಾ ತುಂಬಿ ಬಂತು ಕೊಡ,
ನೀಲಾ ಇಲ್ಲದ ನೀರು ನನಗ ಒಂದು ಗುಟುಕೂ ಬ್ಯಾಡ."

ಎಮ್ಮೆ ಇನ್ನೊಮ್ಮೆ ಒದರಿತು. ಪರದೆಯ ಮೇಲೆ ನೀಲಿ ಸೀರೆಯವಳು ನಿಧಾನವಾಗಿ ಈ ಕಡೆ ತಿರುಗಿದಳು. ಬಾಗಿಲು ತೆರೆಯಿತು. ಇಬ್ಬರೂ ಹಗ್ಗ ಹಿಡಿದರು. ಯಲ್ಲೇಶ ಅವಸರದಿಂದ ಎಳೆದ, ಕೊಡ ಅರ್ಧಕ್ಕೆ ಬಂದು ಬಿತ್ತು. "ಸಾವಕಾಶ್ರಿ" ಎಂದಳು ನೀಲಾ. ಮತ್ತೆ ಎಳೆದರು, ಮತ್ತೆ ಬಿತ್ತು. ಆಮೇಲೆ ಅವಳು ಎಳೆದಾಗ ಎಳೆದ, ಅವಳು ನಿಂತಾಗ ನಿಂತ. ಕೊಡ ಮೇಲೆ ಬಂತು, ತುಂಬಿರಲಿಲ್ಲ, ಮೆಂತ್ಯಕ್ಕೆ ಸಾಕಾಗುವಷ್ಟಿತ್ತು.

"ಗಂಡಸರು ಹೇಳಿದಮ್ಯಾಲೆ ನೀ ಹೇಳ್ತೇನಿ ಅಂದಿದ್ದಿ" ಎಂದ ಯಲ್ಲೇಶ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು, ಕೇಳುವಾಗ ಅವನ ದನಿ ಸಣ್ಣದಾಯಿತು.

"ಮರ್ತಿಲ್ಲ ನಾ" ಎಂದಳು ನೀಲಾ. ಗಂಟಲು ಸರಿಮಾಡಿಕೊಂಡಳು.

"ಸಂಜಿ ಗಂಟಿ ಹೊಡದರ ಸಾಕು, ಧಾರವಾಡದ ಕಡೆ ನನ್ನ ಮಾರಿ..."

ಯಲ್ಲೇಶ ಕಾದ. ಸತ್ಯವ್ವ ಕಾದಳು.

"ಮುಂದ?" ಎಂದ ಯಲ್ಲೇಶ.

"ಮುಂದಿಂದರಾಗ ನಿಮ್ಮ ಹೆಸರು ಐತಿ. ಅದನ್ನ ಡಬ್ಬಿ ಒಳಗ ಹೇಳಂಗಿಲ್ಲ. ದಸರಾ ಸೂಟಿಗಿ ಬರ್ತೇನಿ, ಹೊಸ್ತಿಲದಾಗ ನಿಂತು ಹೇಳ್ತೇನಿ. ಅಡ್ಡಗಟ್ಟಾಕ ಅತ್ತಿಯಾರಿಗೆ ಹೇಳ್ರಿ."

ದಸರಾ ರಜೆಗೆ ಇನ್ನೂ ಬಹಳ ದಿನಗಳಿದ್ದವು. ಯಲ್ಲೇಶ ಲ್ಯಾಪ್‌ಟಾಪು ಮುಚ್ಚಿ ಎದ್ದುಹೋಗಿ, ಹೊಸ್ತಿಲ ಹತ್ತಿರ ಬಿದ್ದಿದ್ದ ಚಪ್ಪಲಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಒದ್ದೆ ಬಟ್ಟೆಯಿಂದ ಅದನ್ನು ಒರೆಸತೊಡಗಿದ. ಸತ್ಯವ್ವ ಒಳಗಿನಿಂದ ಚಹಾ ತಂದಳು. ಮೂರು ಕಪ್ಪು ತಂದಿದ್ದಳು.